ತುಳಿತಕ್ಕೊಂದು ಮೀಟರು

ಉಳವಿಗೆ ಬಂದ ಬೆಂಗಳೂರಿನ ಅಳಿಯ ನನ್ನ ಸೈಕಲ್ ನೋಡಿ, "ಮಾವ, ಇದಕ್ಕೊಂದು ಪವರ್ ಮೀಟರ್ ಹಾಕ್ಸಿ" ಅಂದ. ಪೆಡಲ್ಲಿನೊಳಗೆ ಸ್ಟ್ರೇನ್ ಗೇಜ್ ಕೂತು, ತುಳಿದಾಗ ಲೋಹ ತುಸುವೇ ಬಾಗಿದ್ದನ್ನೂ ಹಿಡಿದು, ಎಷ್ಟು ವಾಟ್ ಅಂತ ಹೇಳುತ್ತದಂತೆ. ಬೆಲೆ ಕೇಳಿದೆ. ಅಷ್ಟಕ್ಕೆ ನನ್ನದರಂಥ ಸೈಕಲ್ಲು ನಾಲ್ಕು ಬರುತ್ತವೆ.

ಒಂದು ಎಚ್‌ಪಿ ಅಂದರೆ 746 ವಾಟ್. ನನ್ನ ಕಾಲಿಗೆ, ಧಾರಾಳವಾಗಿಯೇ, 150 ಕೊಡೋಣ. ತೋಟದ 5 ಎಚ್‌ಪಿ ಪಂಪ್‌ಸೆಟ್ಟಿನ ಸಮಕ್ಕೆ ನನ್ನಂಥವರು 25 ಜನ ಬೇಕು! ಇದನ್ನು ತಿಳಿಯಲು ದುಡ್ಡು ಬೇರೆ ಕೊಡಬೇಕೆ? ಏರಿನಲ್ಲಿ ಇಳಿದು ತಳ್ಳುವಾಗ ಮೀಟರು ಸೊನ್ನೆ ತೋರಿಸುತ್ತದೆ; ನನಗೆ ಬೆವರು ಕಿತ್ತುಕೊಂಡು ಬರುವುದೇ ಆಗ.

ರೇಸಿನವರಿಗೆ ಬೇಕು, ಒಪ್ಪಿದೆ. ನನಗೆ ಮನೆಯಲ್ಲೇ ಮೀಟರಿದೆ. ನಿನ್ನೆ ಅಂಗಳದಲ್ಲಿ ಸ್ಟ್ಯಾಂಡ್ ಹಾಕುವಾಗಲೇ ಏದುಸಿರು ಕೇಳಿ ಹೆಂಡತಿ, "ಮಜ್ಜಿಗೆ ಇಟ್ಟಿದೀನಿ, ಕುಡೀರಿ. ಅಕ್ಕಿ ಚೀಲ ಎಲ್ಲಿ?" ಅಂದಳು.

ಮರೆತಿದ್ದೆ.