ವದಂತಿ ಮೀಮಾಂಸೆ ಅಥವಾ ಫ್ಯಾಂಟಸಿಲ್ಯಾಂಡಿನ ಪಾಠಾಂತರಗಳು

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಬರವಿಲ್ಲ. ದನದ ಕಾಯಿಲೆಗೆ ಗೋವೈದ್ಯ, ಅಡುಗೆಗೆ ಸೂಪಶಾಸ್ತ್ರ, ಗ್ರಹಗತಿಗೆ ಜಾತಕತಿಲಕ, ಮಳೆ ಬರುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯಲು ರಟ್ಟಮತ. ಹಿರಿಯರು ಯಾವುದನ್ನೂ ಬಿಟ್ಟಿಲ್ಲ ಎಂದೇ ವಿದ್ವಾಂಸರು ಇದುವರೆಗೆ ನಂಬಿಕೊಂಡಿದ್ದರು. ಆದರೆ ಮನರಂಜನಾ ಉದ್ಯಾನವೊಂದರಲ್ಲಿ ಇನ್ನೂ ಕಟ್ಟದ ವಿಸ್ತರಣೆಗೆ ಇನ್ನೂ ಮಾಡದ ತಿದ್ದುಪಡಿಯ ಬಗ್ಗೆ ಯಾರೂ ಆಡದ ಮಾತನ್ನು ಹೇಗೆ ಅರ್ಥೈಸಬೇಕು ಎಂಬ ವಿಷಯದಲ್ಲಿ ನಮ್ಮ ಪರಂಪರೆ ತುಟಿ ಬಿಚ್ಚಿಲ್ಲ. ಪ್ರಸ್ತುತ ಪ್ರಬಂಧವು ಈ ಕೊರತೆಯನ್ನು ನೀಗುವ ವಿನಮ್ರ ಪ್ರಯತ್ನ. (ವಿನಮ್ರ ಎಂದು ಬರೆಯುವುದು ಪದ್ಧತಿ. ಲೇಖಕನಿಗೆ ಅಂಥ ಭಾವನೆಯೇನೂ ಇಲ್ಲ.)

ಮೊದಲು ಕಾಲ-ದೇಶ ವಿಚಾರ. ದೇಶ: ಅಮೆರಿಕದ ಫ್ಲಾರಿಡಾ ರಾಜ್ಯ, ಒರ್ಲ್ಯಾಂಡೊ ಪಟ್ಟಣದ ಪಕ್ಕದ ಜೌಗು ನೆಲದಲ್ಲಿ ಎದ್ದ ವಾಲ್ಟ್ ಡಿಸ್ನಿ ವರ್ಲ್ಡ್, ಅದರೊಳಗೆ 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದ ಮ್ಯಾಜಿಕ್ ಕಿಂಗ್‌ಡಮ್, ಅದರೊಳಗೆ ಸಿಂಡರೆಲಾಳ ಕೋಟೆಯ ಹಿಂದಿರುವ ಫ್ಯಾಂಟಸಿಲ್ಯಾಂಡ್. ಕಾಲ: 2009ರ ಸೆಪ್ಟೆಂಬರಿನಿಂದ 2011ರ ಜನವರಿವರೆಗೆ. ಕುಮಾರವ್ಯಾಸನ ಕಾಲಕ್ಕಾಗಿ ಬಡಿದಾಡಿದ ನಮ್ಮ ಪಂಡಿತರಿಗೆ ಇಷ್ಟು ಖಚಿತವಾದ ತಾರೀಖು ಸಿಕ್ಕಿದ್ದರೆ ಎಷ್ಟೋ ಸ್ನೇಹಗಳು ಉಳಿಯುತ್ತಿದ್ದವು.

ಇನ್ನು ಮೂಲಪಾಠ. 2009ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಆನಾಹೈಮ್‌ನಲ್ಲಿ ನಡೆದ ಅಭಿಮಾನಿಗಳ ಮಹಾಮೇಳದಲ್ಲಿ, ಉದ್ಯಾನಗಳ ವಿಭಾಗದ ಅಂದಿನ ಮುಖ್ಯಸ್ಥ ಜೇ ರಾಸುಲೊ ಫ್ಯಾಂಟಸಿಲ್ಯಾಂಡ್ ಸುಮಾರು ಎರಡರಷ್ಟಾಗಲಿದೆ ಎಂದು ಘೋಷಿಸಿದರು. ಇದನ್ನು ನಾವು 'ಅ' ಪ್ರತಿ ಎಂದು ಕರೆಯೋಣ. 'ಅ' ಪ್ರತಿಯಲ್ಲಿ ಮತ್ಸ್ಯಕನ್ಯೆಯ ಸಾಗರಯಾನವಿತ್ತು, ಮೃಗರಾಜಕುಮಾರನ ಕೋಟೆಯಲ್ಲಿ ಊಟವಿತ್ತು, ಅವನ ಪ್ರೇಯಸಿ ಬೆಲ್‌ಳ ಕಥೆಯಿತ್ತು. ಸಿಂಡರೆಲಾಳ ಜೊತೆ ಕುಣಿಯಲು ಒಂದು ಮನೆ, ನಿದ್ದೆಯ ರಾಜಕುಮಾರಿ ಅರೋರಾಳ ಹದಿನಾರನೆಯ ಹುಟ್ಟುಹಬ್ಬಕ್ಕೆ ಇನ್ನೊಂದು ಮನೆ, ಟಿಂಕರ್ ಬೆಲ್ ಮತ್ತವಳ ಯಕ್ಷಿಣಿಯರಿಗೆ ಒಂದು ತೋಪು ಇದ್ದವು. ಹಾರುವ ಆನೆಮರಿ ಡಂಬೋ ಒಂದು ಸಾಲದೆಂದು ಎರಡಾಗುವುದಿತ್ತು. ಇದಕ್ಕೆ ಗುರುತಿಸಿದ್ದ ಜಾಗದಲ್ಲಿ ಹಿಂದೆ ಜಲಾಂತರ್ಗಾಮಿ ಸವಾರಿಯ ಕೊಳವೊಂದಿತ್ತು. ಸವಾರಿ ನಿಂತದ್ದು 1994ರಲ್ಲಿ, ಕೊಳ ಕೆಡವಿದ್ದು 2004ರಲ್ಲಿ. ನಡುವಿನ ಹತ್ತು ವರ್ಷ ಆ ನೀರಿನಲ್ಲಿ ವದಂತಿ ಬಿಟ್ಟರೆ ಬೇರೇನೂ ಈಜಲಿಲ್ಲ.

'ಅ' ಪ್ರತಿಯ ಮಸಿ ಒಣಗುವ ಮೊದಲೇ ಪಾಠಾಂತರ ಹುಟ್ಟಿತು. 2010ರುದ್ದಕ್ಕೂ ಕೇಳಿಬಂದ ಅದರ ಸಾರಾಂಶ ಇಷ್ಟು: "ರಾಜಕುಮಾರಿಯರು ಅತಿಯಾದರು, ಗಂಡುಹುಡುಗರಿಗೆ ಇಲ್ಲಿ ಕೆಲಸವಿಲ್ಲ, ನಕ್ಷೆ ಬದಲಾಗುತ್ತಿದೆ." ಇದರ ಕರ್ತೃ ಯಾರು? ಯಾರೂ ಅಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರಿಂದ ಕೇಳಿದ್ದಾರೆ, ಆ ಇನ್ನೊಬ್ಬರು "ಒಳಗಿನವರೊಬ್ಬರಿಂದ" ಕೇಳಿದ್ದಾರೆ, ಆ ಒಳಗಿನವರು ಹೊರಗೆ ಬಂದು ಕೇಳಿಸಿಕೊಂಡಿದ್ದಾರೆ. ಹೀಗೆ ಕರ್ತೃವಿಲ್ಲದೆ ಕಿವಿಯಿಂದ ಕಿವಿಗೆ ಬಂದದ್ದರಿಂದ ವದಂತಿ ಅಪೌರುಷೇಯ, ಅಪೌರುಷೇಯವಾದ್ದರಿಂದ ಸ್ವತಃಪ್ರಮಾಣ. ಶಬ್ದಪ್ರಮಾಣದ ಮಾತು ಇಲ್ಲಿಗೆ ಮುಗಿಯಿತು.

ಭಾಟ್ಟ ಮೀಮಾಂಸಕರ ಆರು ಪ್ರಮಾಣಗಳಲ್ಲಿ ಉಳಿದ ಐದರ ಪೈಕಿ ಪ್ರತ್ಯಕ್ಷವು ಅತ್ಯಂತ ದುರ್ಬಲ. ಕಾಮಗಾರಿಯ ಸುತ್ತ ಎತ್ತರದ ಬೇಲಿ ಇರುತ್ತದೆ. ಕಾಣಬಾರದ್ದನ್ನೆಲ್ಲ ಮರೆಸಲು ಕಂಪನಿ ಬಳಸುವ ಮಂಕು ಹಸಿರು ಬಣ್ಣವೊಂದಿದೆ. ಅದರ ಹೆಸರೇ 'ಹೋಗಾಚೆ ಹಸಿರು' ಎಂಬ ಅರ್ಥದ್ದು. ಶ್ರದ್ಧಾವಂತ ಸಂಶೋಧಕರು ಬೇಲಿಯ ಸಂದಿಯಿಂದ, ಪಕ್ಕದ ಹೋಟೆಲಿನ ಮೇಲಂತಸ್ತಿನಿಂದ, ದುಡ್ಡಿದ್ದವರು ಬಾಡಿಗೆ ಹೆಲಿಕಾಪ್ಟರಿನಿಂದ ಇಣುಕಿ ನೋಡಿ, ಮಣ್ಣಿದೆ ಎಂದು ದೃಢಪಡಿಸುತ್ತಾರೆ. ನಿನ್ನೆ ಅಲ್ಲಿದ್ದ ಮಣ್ಣು ಇವತ್ತು ಇಲ್ಲಿದೆ ಎಂದರೆ ನಕ್ಷೆ ಬದಲಾಯಿತು ಎಂದು ಅರ್ಥ. ನಮ್ಮಲ್ಲಿ ಜೆಸಿಬಿ ನೋಡಲು ರಸ್ತೆಬದಿ ನಿಲ್ಲುವವರಿಗೆ ಕೆಲಸವಿಲ್ಲದವರು ಎನ್ನುತ್ತೇವೆ, ಅಲ್ಲಿ ಕ್ಷೇತ್ರಕಾರ್ಯ ಎನ್ನುತ್ತಾರೆ.

ಅನುಮಾನ ಪ್ರಮಾಣ ಇದಕ್ಕಿಂತ ಗಟ್ಟಿ. ಅದು ಜೌಗು ನೆಲವಾದ್ದರಿಂದ ಮಳೆನೀರು ಹರಿಯುವ ದಾರಿ ಬದಲಾಗುವಂಥ ಕೆಲಸವೇನಿದ್ದರೂ ದಕ್ಷಿಣ ಫ್ಲಾರಿಡಾದ ಜಲನಿರ್ವಹಣಾ ಕಚೇರಿಯ ಪರವಾನಗಿ ಬೇಕು. ಆ ಅರ್ಜಿ, ಅದರ ಜೊತೆಯ ನಕ್ಷೆ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ನೋಡಬಹುದು. ಕಂಪನಿ ಯೋಜನೆಗೆ ಏನೂ ಹೊಳೆಯದಂಥ ಗುಪ್ತನಾಮ ಕೊಟ್ಟು ಅರ್ಜಿ ಹಾಕುತ್ತದೆ. ಆದರೆ ಮೋರಿಗೆ ಗುಪ್ತನಾಮ ಕೊಡಲು ಬರುವುದಿಲ್ಲ. ನೀರು ಎಲ್ಲಿ ಇಳಿಯಬೇಕೋ ಅಲ್ಲಿಯೇ ಇಳಿಯಬೇಕು. ಮೋರಿಯ ಗೆರೆಗಳ ನಡುವೆ ಖಾಲಿ ಬಿಟ್ಟ ಆಕಾರವೇ ಕಟ್ಟಡದ ಆಕಾರ. ನೈಯಾಯಿಕರು ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂದರೆ ವದಂತಿಶಾಸ್ತ್ರಜ್ಞರು ಎಲ್ಲಿ ಮೋರಿಯೋ ಅಲ್ಲಿ ಮಾಡು ಎನ್ನುತ್ತಾರೆ. ಇಡೀ ಶಾಸ್ತ್ರದಲ್ಲಿ ನಿಜಕ್ಕೂ ವಿದ್ವತ್ತು ಬೇಕಾದ ಭಾಗ ಇದೊಂದೇ. ಅದಕ್ಕೇ ಇದನ್ನು ಓದುವವರು ಕಡಿಮೆ.

ಉಪಮಾನ: "ಕ್ಯಾಲಿಫೋರ್ನಿಯಾದ ಡಿಸ್ನಿ ಉದ್ಯಾನದಲ್ಲಿ ಕಟ್ಟುತ್ತಿರುವುದು ಹೇಗೋ ಇದೂ ಹಾಗೇ." ಮತ್ಸ್ಯಕನ್ಯೆಯ ಸವಾರಿಯ ಮಟ್ಟಿಗೆ ಇದು ನಿಜವೂ ಹೌದು. ಮುಂದೆ ಹೋಗೋಣ.

ಅರ್ಥಾಪತ್ತಿಯೇ ಈ ಶಾಸ್ತ್ರದ ಜೀವಾಳ. ದಪ್ಪಗಿರುವ ದೇವದತ್ತ ಹಗಲಲ್ಲಿ ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಭಾಟ್ಟರ ಉದಾಹರಣೆ. ಕಂಪನಿ ಹಗಲಲ್ಲಿ ಏನೂ ಹೇಳುವುದಿಲ್ಲ, ಆದ್ದರಿಂದ ರಾತ್ರಿ ನಕ್ಷೆ ತಿದ್ದುತ್ತದೆ. "ಯೋಜನೆಯಲ್ಲಿ ಬದಲಾವಣೆಯಿಲ್ಲ" ಎಂದರೆ ಬದಲಾವಣೆಯಿದೆ. "ವದಂತಿಗಳ ಬಗ್ಗೆ ನಾವು ಮಾತನಾಡುವುದಿಲ್ಲ" ಎಂದರೆ ಖಂಡಿತ ಇದೆ. ಉಡಾಫೆ ಅನ್ನಿಸಬಹುದು. ಆದರೆ ಈ ಉದ್ಯಾನದ ವಂಶಾವಳಿ ಬಲ್ಲವರು ನಗುವುದಿಲ್ಲ.

1964-65ರಲ್ಲಿ ಒರ್ಲ್ಯಾಂಡೊ ಸುತ್ತ ಯಾರೋ ಸದ್ದಿಲ್ಲದೆ ಜಮೀನು ಕೊಳ್ಳುತ್ತಿದ್ದರು. ಒಟ್ಟು 27,000 ಎಕರೆಗೂ ಮೇಲೆ. ಕಾಗದದ ಮೇಲೆ ಕೊಂಡವರು ಲ್ಯಾಟಿನ್ ಅಮೆರಿಕನ್ ಡೆವಲಪ್‌ಮೆಂಟ್, ರೀಡಿ ಕ್ರೀಕ್ ರ‍್ಯಾಂಚ್, ಟಾಮಾಹಾಕ್ ಪ್ರಾಪರ್ಟೀಸ್ ಎಂಬಂಥ ಹೆಸರಿನ ಕಂಪನಿಗಳು. ಒಂದಕ್ಕೆ ಐಫೋರ್ ಎಂದು ಹೆಸರು: ಪಕ್ಕದಲ್ಲೇ ಹಾದುಹೋಗುವ ಐ-4 ಹೆದ್ದಾರಿ. ಗುಟ್ಟು ಮಾಡುವವನಿಗೂ ಯಾರಾದರೂ ಕಂಡುಹಿಡಿಯಲಿ ಎಂಬ ಆಸೆ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಊರವರ ವದಂತಿಯಲ್ಲಿ ಕಾರು ಕಾರ್ಖಾನೆ ಬಂತು, ವಿಮಾನ ಕಾರ್ಖಾನೆ ಬಂತು. ಒರ್ಲ್ಯಾಂಡೊ ಸೆಂಟಿನೆಲ್ ಪತ್ರಿಕೆಯ ಎಮಿಲಿ ಬವಾರ್ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ನೇರವಾಗಿ ವಾಲ್ಟ್ ಡಿಸ್ನಿಯನ್ನೇ ಕೇಳಿದರು: ಆ ಜಮೀನು ಕೊಳ್ಳುತ್ತಿರುವುದು ನೀವೇನಾ? ವಾಲ್ಟ್ ತಬ್ಬಿಬ್ಬಾದರು, ಆಮೇಲೆ ಒರ್ಲ್ಯಾಂಡೊ ತಮಗೆ ಯಾಕೆ ಬೇಡ ಎಂದು ಅಲ್ಲಿನ ಮಳೆ, ಪ್ರವಾಸಿಗರು ಎಲ್ಲವನ್ನೂ ಲೆಕ್ಕದ ಸಮೇತ ವಿವರಿಸಿದರು. ಬೇಡದ ಊರಿನ ಮಳೆ ಲೆಕ್ಕ ಯಾರ ಬಾಯಲ್ಲೂ ಇರುವುದಿಲ್ಲ. ಎಮಿಲಿ ಬವಾರ್‌ಗೆ ಉತ್ತರ ಸಿಕ್ಕಿತ್ತು. 1965ರ ಅಕ್ಟೋಬರ್ 24ರಂದು ಪತ್ರಿಕೆ ಅದು ಡಿಸ್ನಿಯೇ ಎಂದು ಬರೆಯಿತು, ಮರುದಿನ ರಾಜ್ಯಪಾಲ ಹೇಡನ್ ಬರ್ನ್ಸ್ ಹೌದೆಂದರು. ಅರ್ಥಾಪತ್ತಿಗೆ ಕುಮಾರಿಲ ಭಟ್ಟನ ನಂತರ ಇಂಥ ಪ್ರಯೋಗ ನಡೆದದ್ದು ನಮಗೆ ತಿಳಿದಿಲ್ಲ.

ಕೊನೆಯದು ಅನುಪಲಬ್ಧಿ. ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆ ಇಲ್ಲವೆಂಬ ಜ್ಞಾನವಾಗುತ್ತದೆ. ಬೇಲಿಯ ಮೇಲೆ ಬರೆದ ಹೊಸ ಚಿತ್ರದಲ್ಲಿ ಹಳೆಯ ಚಿತ್ರದ ಗುಡಿಸಲು ಕಾಣದಿದ್ದರೆ ಗುಡಿಸಲು ರದ್ದು. ಗುಡಿಸಲಿದ್ದು ಕಲಾವಿದ ಅದರ ಮುಂದೆ ಮರ ಬರೆದಿದ್ದರೆ? ಮರ ಬರೆಸಿದ್ದೇ ಗುಡಿಸಲು ರದ್ದಾದದ್ದನ್ನು ಮರೆಮಾಚಲು. ಈ ಪ್ರಮಾಣವನ್ನು ಸೋಲಿಸಲು ಸಾಧ್ಯವಿಲ್ಲವಾದ್ದರಿಂದ ಹೊಸಬರಿಗೆ ಇದನ್ನೇ ಮೊದಲು ಕಲಿಸುತ್ತಾರೆ.

ಬದಲಾವಣೆಗೆ ಕಾರಣವೇನು ಎಂಬಲ್ಲಿ ಎರಡು ಪಂಥಗಳಿವೆ. ಅಧಿಕಾರಿ ಪಂಥದವರು ಹೇಳುವಂತೆ, 'ಅ' ಪ್ರತಿ ಪ್ರಕಟವಾದ ಎರಡು ತಿಂಗಳಿಗೆ ಕಂಪನಿಯಲ್ಲಿ ಕುರ್ಚಿ ಅದಲುಬದಲಾಯಿತು. ಉದ್ಯಾನ ನೋಡುತ್ತಿದ್ದ ರಾಸುಲೊ ಹಣಕಾಸಿಗೆ ಹೋದರು, ಹಣಕಾಸು ನೋಡುತ್ತಿದ್ದ ಟಾಮ್ ಸ್ಟ್ಯಾಗ್ಸ್ ಉದ್ಯಾನಕ್ಕೆ ಬಂದರು. 2010ರ ಜನವರಿಯಿಂದ ಜಾರಿ. ಹೊಸ ಅಧಿಕಾರಿ ಬಂದು ಹಳೆಯ ಅಧಿಕಾರಿಯ ನಕ್ಷೆಯನ್ನು ಹಾಗೇ ಒಪ್ಪಿದ ನಿದರ್ಶನ ಜಗತ್ತಿನ ಯಾವ ಇಲಾಖೆಯಲ್ಲಾದರೂ ಇದೆಯೇ ಎಂದು ಅವರು ಕೇಳುತ್ತಾರೆ. ಲೋಕೋಪಯೋಗಿಯಲ್ಲಿ ಒಂದು ದಿನ ಕಳೆದವರಿಗೂ ಈ ವಾದ ಅರ್ಥವಾಗುತ್ತದೆ. ಮಾಂತ್ರಿಕ ಪಂಥದವರು ಬೆರಳು ತೋರಿಸುವುದು ಅದೇ ಊರಿನ ಯೂನಿವರ್ಸಲ್ ಉದ್ಯಾನದತ್ತ. ಅಲ್ಲಿ 2010ರ ಜೂನ್ 18ರಂದು ಹ್ಯಾರಿ ಪಾಟರ್ ಲೋಕ ತೆರೆಯಿತು, ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು, ಗಂಡುಹುಡುಗರು ಅಪ್ಪಂದಿರ ಕೈಯಲ್ಲಿ ಮಂತ್ರದಂಡ ಕೊಡಿಸಿಕೊಂಡರು. ಎರಡು ಪಂಥಗಳೂ ಪರಸ್ಪರ ಮುಖ ನೋಡುವುದಿಲ್ಲ. ಎರಡೂ ಸರಿಯಿರಬಹುದು ಎಂದವನನ್ನು ಎರಡರಿಂದಲೂ ಹೊರಹಾಕುತ್ತಾರೆ.

2011ರ ಜನವರಿಯಲ್ಲಿ 'ಆ' ಪ್ರತಿ ಬಂತು. ಕಂಪನಿಯೇ ಪ್ರಕಟಿಸಿತು. ಸಿಂಡರೆಲಾಳ ಮನೆ ಲೋಪ, ಅರೋರಾಳ ಹುಟ್ಟುಹಬ್ಬ ಲೋಪ, ಯಕ್ಷಿಣಿಯರ ತೋಪು ಲೋಪ. ಆಗಮ: ಏಳು ಕುಬ್ಜರ ಗಣಿಯೊಳಗೆ ಓಡುವ ರೈಲು, ಡಂಬೋ ಸುತ್ತ ಒಂದು ಸರ್ಕಸ್ಸು. ವದಂತಿ ಅಕ್ಷರಶಃ ನಿಜವಾಗಿತ್ತು. ವಿದ್ವತ್ ವಲಯದಲ್ಲಿ ಸೂತಕದ ಕಳೆ ಕವಿಯಿತು, ಏಕೆಂದರೆ ನಿಜವಾದ ವದಂತಿ ವದಂತಿಯಲ್ಲ, ಬರೀ ಸುದ್ದಿ.

'ಆ' ಪ್ರತಿಯ ಸಾಹಿತ್ಯಿಕ ವಿಮರ್ಶೆಗೆ ಇಲ್ಲಿ ಒಂದು ಮಾತು. ಗಂಡುಹುಡುಗರಿಗೆ ಏನಾದರೂ ಕೊಡಿ ಎಂಬ ಕೂಗಿಗೆ ಉತ್ತರವಾಗಿ ಬಂದವರು ಏಳು ಮಂದಿ ಗಣಿ ಕಾರ್ಮಿಕರು, ಒಬ್ಬನ ಹೊರತು ಎಲ್ಲರೂ ಗಡ್ಡ ಬಿಟ್ಟವರು. ಬೆಳಗಿನಿಂದ ಸಂಜೆವರೆಗೆ ಕಲ್ಲು ಒಡೆದು, ಸಾಲಾಗಿ ಮನೆಗೆ ಹೋಗಿ, ಕೈತೊಳೆದುಕೊಳ್ಳಿ ಎಂದು ಹೆಂಗಸಿನಿಂದ ಹೇಳಿಸಿಕೊಳ್ಳುವವರು. ಗಂಡುಮಕ್ಕಳ ಕನಸು ಇದೇ ಎಂದು ಯಾವ ಸಮೀಕ್ಷೆಯಿಂದ ಗೊತ್ತಾಯಿತೋ. ಹೋಗಲಿ, ರಾಜಕುಮಾರಿಯರು ಹೋದರೇ? ಇಲ್ಲ. 1971ರಿಂದ ಇದ್ದ ಸ್ನೋವೈಟ್‌ಳ ಹಳೆಯ ಕತ್ತಲೆ ಸವಾರಿಯನ್ನು 2012ರ ಮೇ 31ಕ್ಕೆ ಮುಚ್ಚಿದರು. ಅದೇ ಜಾಗದಲ್ಲಿ ಮರುವರ್ಷ ಎದ್ದದ್ದು ರಾಜಕುಮಾರಿಯರನ್ನು ಭೇಟಿ ಮಾಡುವ ಸಭಾಂಗಣ. ಮುಂಬಾಗಿಲಿನಿಂದ ಕಳಿಸಿದವರನ್ನು ಹಿಂಬಾಗಿಲಿನಿಂದ ಕರೆಸಿ, ಅದಕ್ಕೂ ರಾಜಕುಮಾರಿಯೊಬ್ಬಳ ಮನೆಯನ್ನೇ ಖಾಲಿ ಮಾಡಿಸಿದರು. ಕೆಡವಿದ ಸವಾರಿಯ ಕೆಲವು ಕುಬ್ಜರ ಬೊಂಬೆಗಳು ಹೊಸ ರೈಲಿನ ಕೊನೆಯಲ್ಲಿ ಬರುವ ಗುಡಿಸಲಿನೊಳಗೆ ಈಗಲೂ ಇವೆ. ಲೋಪವಾದ ಪಾಠ ಅಡಿಟಿಪ್ಪಣಿಯಲ್ಲಿ ಉಳಿಯುವುದು ಎಂದರೆ ಇದೇ.

ಡಂಬೋ ಮಾತ್ರ ಎರಡೂ ಪ್ರತಿಗಳಲ್ಲಿ ಉಳಿದುಕೊಂಡ. ಈಗ ಅಲ್ಲಿ ಎರಡು ಚಕ್ರ, ಒಂದೊಂದಕ್ಕೆ ಹದಿನಾರು ಆನೆ. ಒಂದು ಎಡಕ್ಕೆ ತಿರುಗಿದರೆ ಇನ್ನೊಂದು ಬಲಕ್ಕೆ. ಮೇಲೆ ಹೇಳಿದ ಎರಡು ಪಂಥಗಳ ಸ್ಮಾರಕವಿದು ಎಂಬ ವಾದವನ್ನು ಲೇಖಕ ಮುಂದಿಡುತ್ತಾನೆ, ಆಧಾರ ಕೇಳಬಾರದು.

ಪೂರ್ವಪಕ್ಷ: "ಎಲ್ಲ ವದಂತಿಯೂ ಹೀಗೆ ನಿಜವಾಗುತ್ತದೆಯೇ? ಕಟ್ಟುತ್ತೇವೆ ಎಂದದ್ದನ್ನು ಕಟ್ಟದೆ ಬಿಟ್ಟದ್ದಿಲ್ಲವೇ?" ಇದೆ. ಅದೇ ಡಿಸ್ನಿ ವರ್ಲ್ಡ್‌ನಲ್ಲಿ 1998ರಲ್ಲಿ ತೆರೆದ ಅನಿಮಲ್ ಕಿಂಗ್‌ಡಮ್‌ನಲ್ಲಿ ಡ್ರ್ಯಾಗನ್, ಯೂನಿಕಾರ್ನ್ ಮುಂತಾದ ಕಲ್ಪಿತ ಪ್ರಾಣಿಗಳ ವಿಭಾಗ ಬರಬೇಕಿತ್ತು, ಬರಲಿಲ್ಲ. ಆದರೆ ಉದ್ಯಾನದ ಲಾಂಛನದಲ್ಲಿ ಆನೆ, ಸಿಂಹಗಳ ನಡುವೆ ಡ್ರ್ಯಾಗನ್ ಕೂತೇ ಇತ್ತು, ಕಾರು ನಿಲ್ಲಿಸುವ ಒಂದು ವಿಭಾಗಕ್ಕೆ ಯೂನಿಕಾರ್ನ್ ಎಂದು ಹೆಸರೂ ಬಿತ್ತು. ಪ್ರಾಣಿಯಿಲ್ಲ, ಪಾರ್ಕಿಂಗ್ ಇದೆ. ಮೊಲದ ಕೊಂಬನ್ನು ಅಸತ್ತಿಗೆ ಉದಾಹರಣೆ ಕೊಡುತ್ತಿದ್ದ ದಾರ್ಶನಿಕರು ಇದಕ್ಕೇನು ಹೇಳುತ್ತಿದ್ದರೋ. ವದಂತಿಶಾಸ್ತ್ರಜ್ಞರ ಮತದಲ್ಲಿ ಮಾತ್ರ ಅದು ರದ್ದಾದದ್ದಲ್ಲ, ತಡವಾದದ್ದು. ಆ ಜಾಗದಲ್ಲಿ 2017ರಲ್ಲಿ ಅವತಾರ್ ಚಿತ್ರದ ಪಂಡೋರಾ ಲೋಕವೇ ಎದ್ದು ನಿಂತರೂ ಮತ ಬದಲಾಗಿಲ್ಲ.

ಇನ್ನು ಪ್ರತಿಭಟನೆಯ ಪ್ರಕರಣ. ಫ್ಯಾಂಟಸಿಲ್ಯಾಂಡಿನಲ್ಲೇ ಟೋಡ್ ಎಂಬ ಕಪ್ಪೆರಾಯನ ಸವಾರಿಯೊಂದಿತ್ತು. ಅದನ್ನು ತೆಗೆಯುತ್ತಾರೆ ಎಂಬ ವದಂತಿ 1997ರಲ್ಲಿ ಹಬ್ಬಿ, ಅಭಿಮಾನಿಗಳು ಹಸಿರು ಅಂಗಿ ತೊಟ್ಟು ಸವಾರಿಯ ಮುಂದೆ ಸೇರಿದರು, ಕಂಪನಿಗೆ ಕಾರ್ಡು ಬರೆದರು. 1998ರ ಸೆಪ್ಟೆಂಬರ್ 7ರಂದು ಸವಾರಿ ಮುಚ್ಚಿತು. ಅಲ್ಲಿ ಬಂದದ್ದು ವಿನಿ ಎಂಬ ಕರಡಿ. ಆದರೆ ಕರಡಿಯ ಸವಾರಿಯೊಳಗಿನ ಒಂದು ಚಿತ್ರದಲ್ಲಿ ಕಪ್ಪೆರಾಯ ಗೂಬೆಗೆ ಮನೆಯ ಪತ್ರ ಕೊಡುತ್ತಿರುವುದನ್ನು ತೋರಿಸಿದ್ದಾರೆ. ಭೂತಬಂಗಲೆಯ ಸಾಕುಪ್ರಾಣಿಗಳ ಸ್ಮಶಾನದಲ್ಲಿ ಅವನಿಗೊಂದು ಗೋರಿಯೂ ಇದೆ. ನೋಂದಣಿಯೂ ಆಗಿ ತಿಥಿಯೂ ಆದಮೇಲೆ ತಕರಾರಿಗೆ ಜಾಗವಿಲ್ಲ.

ಹೊಸ ಫ್ಯಾಂಟಸಿಲ್ಯಾಂಡ್ 2012ರ ಡಿಸೆಂಬರ್ 6ರಂದು ವಿಧ್ಯುಕ್ತವಾಗಿ ತೆರೆಯಿತು. ಕುಬ್ಜರ ರೈಲು ಓಡಿದ್ದು 2014ರ ಮೇ 28ರಿಂದ. ಮಕ್ಕಳು ಬಂದರು, ಕೂತರು, ಕಿರುಚಿದರು. 'ಅ' ಪ್ರತಿಯಲ್ಲಿ ಏನಿತ್ತು ಎಂದು ಒಬ್ಬರೂ ಕೇಳಲಿಲ್ಲ. ಲೇಖಕನ ನಿರ್ಣಯ ಇಷ್ಟೇ: ವಿಸ್ತರಣೆ ಮಕ್ಕಳದ್ದು, ಅದರ ತಿದ್ದುಪಡಿ ದೊಡ್ಡವರದ್ದು, ಹೆಚ್ಚು ಮಜಾ ತೆಗೆದುಕೊಂಡವರು ಎರಡನೆಯವರು, ಅದೂ ಟಿಕೆಟ್ ಇಲ್ಲದೆ.

ಫಲಶ್ರುತಿ. ಈ ಪ್ರಬಂಧವನ್ನು ಶ್ರದ್ಧೆಯಿಂದ ಓದಿದವರಿಗೆ ಕೂಡಲೇ ಕೆಲಸವುಂಟು. 2025ರ ಜುಲೈನಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ನದಿ, ಅದರ ದೋಣಿ, ಟಾಮ್ ಸಾಯರ್ ದ್ವೀಪ ಮೂರನ್ನೂ ಮುಚ್ಚಿದ್ದಾರೆ. ಅಲ್ಲಿ ಕಾರುಗಳ ಲೋಕ ಬರುತ್ತದಂತೆ, ಪಕ್ಕದಲ್ಲಿ ಖಳನಾಯಕರ ಲೋಕವಂತೆ. 2022ರಲ್ಲಿ ಇದೇ ಕಂಪನಿ ಇದೇ ದಿಕ್ಕಿಗೆ ಕೈತೋರಿಸಿ 'ಕೋಕೊ', 'ಎನ್‌ಕ್ಯಾಂಟೊ' ಚಿತ್ರಗಳ ಲೋಕ ಎಂದಿತ್ತು. ಮಗನ ಮನೆಗೆಂದೋ ಮಗಳ ಬಾಣಂತನಕ್ಕೆಂದೋ ಅಮೆರಿಕಕ್ಕೆ ಹೋಗಿ ಒರ್ಲ್ಯಾಂಡೊ ನೋಡುವ ಕನ್ನಡ ಬಂಧುಗಳು ದಯವಿಟ್ಟು ಕೋಟೆಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತ ಕಾಲ ಕಳೆಯದೆ, ಬೇಲಿಯ ಹತ್ತಿರ ಹೋಗಿ ಮಣ್ಣು ಯಾವ ಕಡೆಗಿದೆ ಎಂದು ನೋಡಿಕೊಂಡು ಬರಬೇಕಾಗಿ ವಿನಂತಿ.