ಸ್ಟಾಕಿಸ್ಟ್ ಸಾಹುಕಾರರ ಪಾದಕ್ಕೆ

ಮಾನ್ಯ ಹೋಲ್‌ಸೇಲ್ ಸಾಹುಕಾರರೆ,

ಸಾಂಗಲಿ ಜಿಲ್ಲೆಯ ಗಡಿಯೂರು ತಿಕೋಂಡಿಯ ಮೆಡಿಕಲ್ ಅಂಗಡಿಯವನ ಶರಣು ಶರಣಾರ್ಥಿ. ತಮ್ಮ ಗೋದಾಮೂ ಖಾತೆಬುಕ್ಕೂ ಕ್ಷೇಮವೆಂದು ನಂಬಿದ್ದೇನೆ. ಈ ಕಡೆ ನಾನೂ ಕ್ಷೇಮ, ನಿದ್ದೆಗುಳಿಗೆಯ ಡಬ್ಬಿಯೊಂದು ಮಾತ್ರ ಖಾಲಿ.

ಅಲ್ಪ್ರಾಜೋಲಾಮ್ ಹತ್ತು ಸ್ಟ್ರಿಪ್ ಬೇಕೆಂದು ಬರೆದು ಕಳಿಸಿದ್ದೆ. ಎರಡು ಬಂದವು. ಜೊತೆಗೆ ನಾನು ಬರೆಯದ ಪ್ರೋಟೀನ್ ಪುಡಿಯ ಡಬ್ಬಿಗಳೂ ಬಂದವು. ಯಾಕಪ್ಪಾ ಎಂದರೆ ತಮ್ಮ ಹುಡುಗ, "ಮಾಲಕರು ಹೇಳ್ಯಾರ್ರೀ, ಆ ಗುಳಿಗಿ ಒಂದ ಬರೂದಿಲ್ಲ, ಜೋಡಿಲೇ ಬರತೈತಿ" ಅಂದ. ನಿದ್ದೆ ಬಾರದ ಮುದುಕಿಗೆ ಮೈಕಟ್ಟು ಬೆಳೆಸುವ ತಮ್ಮ ವೈದ್ಯಕೀಯಕ್ಕೆ ನಾನು ಎದುರು ಮಾತಾಡುವವನಲ್ಲ. ಆದರೆ 2013ರ ಔಷಧ ಬೆಲೆ ನಿಯಂತ್ರಣ ಆದೇಶದ 28ನೇ ಪರಿಚ್ಛೇದ ನನಗಿಂತ ಬಾಯಿಬಡುಕ. ಯೋಗ್ಯ ಮತ್ತು ಸಾಕಷ್ಟು ಕಾರಣವಿಲ್ಲದೆ ವಿತರಕನು ಅಂಗಡಿಯವನಿಗೆ ಔಷಧ ನಿರಾಕರಿಸಬಾರದು ಅನ್ನುತ್ತದೆ ಅದು. ಪ್ರೋಟೀನ್ ಪುಡಿ ಯೋಗ್ಯ ಕಾರಣವೋ ಸಾಕಷ್ಟು ಕಾರಣವೋ, ತಾವೇ ತಿಳಿಸಬೇಕು.

ತಮ್ಮ ಭಯ ನನಗೆ ಅರ್ಥವಾಗುವುದಿಲ್ಲ ಅಂತಲ್ಲ. ಈ ಗುಳಿಗೆಗಳು ಮೋಜಿಗೂ ಹೋಗುತ್ತವೆ, ಕೋಡೀನ್ ಸಿರಪ್ಪಿನ ಖಾಲಿ ಬಾಟಲಿಗಳು ಯಾವ ಯಾವ ಬೇಲಿ ಸಂದಿಯಲ್ಲಿ ಬಿದ್ದಿರುತ್ತವೆಂದು ಎಲ್ಲರಿಗೂ ಗೊತ್ತು. ಅದಕ್ಕೇ ಸರ್ಕಾರ 2014ರ ಮಾರ್ಚ್ 1ರಿಂದ ಎಚ್1 ಪಟ್ಟಿ ಜಾರಿಗೆ ತಂದಿತು. ಸ್ಟ್ರಿಪ್ಪಿನ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆ, ನನ್ನ ಟೇಬಲ್ಲಿನ ಮೇಲೆ ಬೇರೆಯದೇ ರಜಿಸ್ಟರು. ಡಾಕ್ಟರ ಹೆಸರು ವಿಳಾಸ, ಪೇಷಂಟ್ ಹೆಸರು, ಗುಳಿಗೆಯ ಹೆಸರು, ಎಷ್ಟು ಕೊಟ್ಟೆ, ಎಲ್ಲ ಬರೆದು ಮೂರು ವರ್ಷ ಕಾಪಾಡಬೇಕು. ಕಾಪಾಡುತ್ತಿದ್ದೇನೆ. ಅದನ್ನೊಮ್ಮೆ ತರಿಸಿಕೊಂಡು ನೋಡಿದ್ದರೆ ಹತ್ತು ಸ್ಟ್ರಿಪ್ ಯಾರ ಹೊಟ್ಟೆಗೆ ಹೋಗುತ್ತವೆಂದು ತಿಳಿಯುತ್ತಿತ್ತು. ತಾವು ನೋಡುವುದು ನನ್ನ ತಿಂಗಳ ಖರೀದಿಯ ಮೊತ್ತವನ್ನು. ಪೇಟೆಯ ದೊಡ್ಡ ಗಿರಾಕಿ ಪೆಟ್ಟಿಗೆಗಟ್ಟಲೆ ಒಯ್ದರೆ ಅದು ವ್ಯಾಪಾರ, ನಾನು ಹತ್ತು ಸ್ಟ್ರಿಪ್ ಕೇಳಿದರೆ ಸಂಶಯ.

ಸಾಂಗಲಿ ಕಡೆ ಸಿಗದಿದ್ದರೆ ವಿಜಯಪುರವಿದೆಯಲ್ಲ ಅನ್ನುತ್ತೀರಿ. ಇದೆ, ನಮಗೆ ಹತ್ತಿರವೂ ಹೌದು. ಲೈಸೆನ್ಸು, ಬಿಲ್ಲು, ಐಜಿಎಸ್‌ಟಿ, ಜೊತೆಗೆ ಮಾದಕವಸ್ತು ನಿಯಮಗಳ ನಮೂನೆ 6ರ ರವಾನೆ ಚೀಟಿ, ಇಷ್ಟಿದ್ದರೆ ಮಾಲು ಗಡಿ ದಾಟಬಹುದು. ಆದರೆ ಅಲ್ಲಿಯವರು "ನೀವು ಮಹಾರಾಷ್ಟ್ರದ ಪಾರ್ಟಿ, ಉಸಾಬರಿ ಬ್ಯಾಡ್ರಿ" ಅನ್ನುತ್ತಾರೆ. ತಾವು "ನಿಮ್ಮದು ಬಾರ್ಡರ್, ರಿಸ್ಕ್ ಏರಿಯಾ" ಅನ್ನುತ್ತೀರಿ. 2022ರ ಕೊನೆಗೆ ಗಡಿ ಜಗಳ ಕಾವೇರಿದಾಗ ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರು ಯಾವ ಚೀಟಿಯೂ ಇಲ್ಲದೆ ನಮ್ಮೂರ ಕೆರೆಗೆ ಬಂತು. ಗುಳಿಗೆಗೂ ಒಂದು ಕಾಲುವೆ ತೋಡಿದ್ದರೆ ಚಲೋ ಆಗುತ್ತಿತ್ತು.

ಇನ್ನು ನಿಜವಾದ ಮಾದಕ ವ್ಯಾಪಾರಿಗಳನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ನಮ್ಮದೇ ಜಿಲ್ಲೆಯ ಕುಪವಾಡದಲ್ಲಿ 2024ರ ಫೆಬ್ರುವರಿಯಲ್ಲಿ ಪುಣೆ ಪೊಲೀಸರು ಮೆಫೆಡ್ರೋನ್ ದಾಸ್ತಾನು ಹಿಡಿದರು. ಮರುವರ್ಷ ಜನವರಿಯಲ್ಲಿ ವಿಟಾದ ಹತ್ತಿರ ಅದನ್ನು ತಯಾರಿಸುವ ಕಾರ್ಖಾನೆಯೇ ಸಿಕ್ಕಿತು. ಅವರಿಗೆ ಸ್ಟಾಕಿಸ್ಟರ ಮುಲಾಜಿಲ್ಲ, ಕೋಟಾ ಇಲ್ಲ, ಎಕ್ಸ್‌ಪೈರಿ ಮಾಲು ವಾಪಸ್ ಕೊಟ್ಟು ಕ್ರೆಡಿಟ್ ನೋಟಿಗೆ ಆರು ತಿಂಗಳು ಅಲೆಯುವ ಕರ್ಮವಿಲ್ಲ. ಪ್ರೋಟೀನ್ ಪುಡಿಯನ್ನಂತೂ ಯಾರೂ ಅವರ ತಲೆಗೆ ಕಟ್ಟಿರಲಿಕ್ಕಿಲ್ಲ.

ಮಾರ್ಫಿನ್ ವಿಷಯ ತಮ್ಮ ಹತ್ತಿರ ಎತ್ತುವುದೇ ಇಲ್ಲ, ಅದು ತಮ್ಮ ಕೈಯಲ್ಲೂ ಇಲ್ಲ. ಗಾಜಿಪುರ, ನೀಮಚ್‌ಗಳಲ್ಲಿ ಸರ್ಕಾರವೇ ಅದರ ಮೂಲವಾದ ಅಫೀಮಿನ ಕಾರ್ಖಾನೆ ನಡೆಸುತ್ತದೆ. 1985ರ ಮಾದಕವಸ್ತು ಕಾಯ್ದೆಯ ಅಂಜಿಕೆಗೆ ಆಸ್ಪತ್ರೆಗಳೇ ಆ ನೋವಿನ ಮದ್ದನ್ನು ದೂರವಿಟ್ಟವು. 2014ರ ತಿದ್ದುಪಡಿ ಬಂದ ಮೇಲೆ ಮಾನ್ಯತೆ ಪಡೆದ ಸಂಸ್ಥೆಗಳಿಗೆ ದಾರಿ ಸಲೀಸಾಯಿತು. ನಮ್ಮೂರಿನ ಕ್ಯಾನ್ಸರ್ ರೋಗಿ ಅಂಥ ಸಂಸ್ಥೆ ಹುಡುಕಿಕೊಂಡು ಮಿರಜಿನ ಕಡೆ ಬಸ್ ಹತ್ತಬೇಕು. ನೋವಿದ್ದವನಿಗೆ ಆ ರಸ್ತೆ ಎಷ್ಟು ಉದ್ದವೆಂದು ಕಿಲೋಮೀಟರ್ ಕಲ್ಲು ಹೇಳುವುದಿಲ್ಲ. ಅಂಥವನು ನನ್ನ ಅಂಗಡಿಗೆ ಬರುವುದು ಟ್ರಮಡಾಲ್ ಚೀಟಿ ಹಿಡಿದುಕೊಂಡು. 2018ರಿಂದ ಅದೂ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. "ಮಾಲು ಶಾರ್ಟ್ ಐತ್ರಿ" ಎಂಬ ತಮ್ಮ ಮಾತನ್ನು ಆತನಿಗೆ ಮುಟ್ಟಿಸುವ ಕೆಲಸ ಮಾತ್ರ ನನ್ನದು.

ಆದ್ದರಿಂದ ಒಂದೇ ವಿನಂತಿ. ಇನ್ನು ಮುಂದೆ ಇಲ್ಲವೆನ್ನುವುದಿದ್ದರೆ ಫೋನಿನಲ್ಲಿ ಬೇಡ, ತಮ್ಮ ಲೆಟರ್‌ಹೆಡ್ ಮೇಲೆ ಬರೆದು, ಕಾರಣ ಕಾಣಿಸಿ, ಸಹಿ ಶಿಕ್ಕಾ ಹಾಕಿ ಕಳಿಸಿ. ಕನ್ನಡವಾದರೂ ಸರಿ, ಮರಾಠಿಯಾದರೂ ಸರಿ, ನಮ್ಮಲ್ಲಿ ಎರಡೂ ಓದುತ್ತಾರೆ. ಒಂದು ಪ್ರತಿಯನ್ನು ಅನ್ನ ಮತ್ತು ಔಷಧ ಪ್ರಶಾಸನದ ಸಾಹೇಬರಿಗೆ ನಾನೇ ಮುಟ್ಟಿಸುತ್ತೇನೆ, ಪೋಸ್ಟಿನ ಖರ್ಚು ನನ್ನದು.

ತಮ್ಮ ನಗದು ಗಿರಾಕಿ,
ತಿಕೋಂಡಿ, ತಾ. ಜತ್ತ