ಕೊಕ್ಕೆಗೆ ಸಿಕ್ಕ ಸಂಸಾರ

ನಾವು ಟ್ರೇಲರ್ ಕೊಂಡದ್ದು ತೊಗರಿ ಹೇರಲಿಕ್ಕೆ. ಸಾಲದ ಅರ್ಜಿಯಲ್ಲಿ ಹಾಗೇ ಬರೆದಿದ್ದೆವು, ಬ್ಯಾಂಕಿನವರು ನಂಬಿದರು. ಮೋರಟಗಿಯ ನಮ್ಮ ಓಣಿ ಮಾತ್ರ ನಂಬಲಿಲ್ಲ. ಕೆಂಪು ಬಣ್ಣದ ಹೊಸ ಟ್ರೇಲರ್ ಮನೆ ಮುಂದೆ ನಿಂತು, ಗಾಲಿಯಡಿ ನಿಂಬೆಹಣ್ಣು ಚಪ್ಪಟೆಯಾಗುವ ಮುಂಚೆಯೇ ಎದುರು ಮನೆಯ ಚಿಗವ್ವ ಕೇಳಿದ್ದು ಒಂದೇ ಪ್ರಶ್ನೆ: “ಗುಡ್ಡಕ್ಕ ಯಾವಾಗ ಹೊಂಡೋದು?”

ಗುಡ್ಡ ಎಂದರೆ ನಮ್ಮ ಕಡೆ ಬೇರೆ ವಿವರಣೆ ಬೇಡ. ಸವದತ್ತಿ ಯಲ್ಲಮ್ಮನ ಗುಡ್ಡ. ಹಿಂದೆ ನಮ್ಮ ಹಿರಿಯರು ಕೊಲ್ಲಾರಿ ಬಂಡಿ ಕಟ್ಟಿಕೊಂಡು, ದಾರಿಯಲ್ಲಿ ಎಲ್ಲಿ ಕತ್ತಲಾಯಿತೋ ಅಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲಿಟ್ಟು ಅಡುಗೆ ಮಾಡಿ, ದಿನಗಟ್ಟಲೆ ನಡೆದು ಅಲ್ಲಿಗೆ ಮುಟ್ಟುತ್ತಿದ್ದರು. ಇದಕ್ಕೆ ಈಗ ‘ಕ್ಯಾಂಪಿಂಗ್’ ಎಂಬ ಹೆಸರಿದೆ, ಬಾಡಿಗೆಯೂ ಇದೆ. ರಾಜ್ಯ ಸರ್ಕಾರದ 2020-26ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸವೂ ಸೇರಿದೆ ಎಂದು ನಾನು ಓದಿ ಹೇಳಿದಾಗ ಅವ್ವ, “ಸರಕಾರ ಭಾಳ ತಡಾ ಮಾಡಿತು” ಎಂದಳು.

ಬನದ ಹುಣ್ಣಿಮೆಗೆ ಹೋಗುವುದೆಂದು ಅವ್ವ ತೀರ್ಮಾನಿಸಿದಳು. ತಕರಾರು ಅಲ್ಲಿಂದಲೇ ಶುರುವಾಯಿತು. ನನ್ನ ಹೆಂಡತಿಯ ತವರು ಬಾದಾಮಿ ಕಡೆ. ಬನಶಂಕರಿಯ ತೇರೂ ಅದೇ ಹುಣ್ಣಿಮೆಗೆ. “ಯಲ್ಲಮ್ಮಗ ಭರತ ಹುಣ್ಣಿಮಿ ಇನ್ನೂ ಒಂದು ಅದಲ್ರಿ ಅತ್ತಿ, ತಿಂಗಳು ತಡೆದರ ಆತು” ಎಂದಳು ಇವಳು. “ಮೊದಲ ಗಾಲಿ ಉರುಳೋದು ಗುಡ್ಡಕ್ಕ” ಎಂದಳು ಅವ್ವ. ಬನಶಂಕರಿಯಲ್ಲಿ ತೇರು ಎಳೆದ ಮೇಲೂ ವಾರಗಟ್ಟಲೆ ಜಾತ್ರೆ ನಡೆಯುತ್ತದೆ, ನಾಟಕ ಕಂಪನಿಗಳು ಡೇರೆ ಕೀಳುವುದಿಲ್ಲ. ಆದ್ದರಿಂದ ಹೋಗುವಾಗ ಸವದತ್ತಿ, ಬರುವಾಗ ಬಾದಾಮಿ ಎಂದು ಒಪ್ಪಂದವಾಯಿತು. ಇಬ್ಬರೂ ದೇವಿಯರು ಪ್ರಸನ್ನರು, ಡೀಸೆಲ್ ನನ್ನದು.

ಟ್ರೇಲರಿನ ಹಿಂದಿನ ತಗಡಿನ ಮೇಲೆ ಏನು ಬರೆಸುವುದೆಂಬ ಪ್ರಶ್ನೆಯೂ ಸುಲಭದ್ದಾಗಿರಲಿಲ್ಲ. ‘ಅವ್ವನ ಆಶೀರ್ವಾದ’ ಎಂದು ಬರೆಯಲು ಪೇಂಟರನಿಗೆ ಹೇಳಿದೆ. “ಯಾರ ಅವ್ವಂದ್ರಿ?” ಎಂದು ಹೆಂಡತಿ ಮೆಲ್ಲಗೆ ಕೇಳಿದಳು. ಪೇಂಟರ್ ಇಂಥ ಸಂಸಾರಗಳನ್ನು ಬಹಳ ಕಂಡವನು. ಯಾರನ್ನೂ ಕೇಳದೆ ‘ಶ್ರೀ ರೇಣುಕಾ ಯಲ್ಲಮ್ಮ ಪ್ರಸನ್ನ’ ಎಂದು ಬರೆದು ಕುಂಚ ತೊಳೆದುಬಿಟ್ಟ. ಅತ್ತೆ ಸೊಸೆ ಇಬ್ಬರೂ ಒಪ್ಪುವ ಅವ್ವ ಅವಳೊಬ್ಬಳೇ.

ಹೊರಡುವ ಮುನ್ನಾದಿನ ನಿವೃತ್ತ ಮಾಸ್ತರರಾದ ನಮ್ಮ ಕಾಕಾ ಬಂದು ಕನ್ನಡಕ ಏರಿಸಿದರು. “ಟ್ರೇಲರದಾಗ ಮಂದಿ ಕೂಡಿಸೋದು ಕಾಯ್ದೆಕ್ಕ ವಿರುದ್ಧ ಅದ. ಅದು ಸಾಮಾನು ಹೇರೋ ಗಾಡಿ.” ಓಣಿ ಸುಮ್ಮನಾಯಿತು. ಕಾಕಾ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕ್ಯಾರವಾನುಗಳ ತವರಾದ ಇಂಗ್ಲೆಂಡಿನಲ್ಲೂ ಎಳೆದೊಯ್ಯುವ ಗಾಡಿ ಚಲಿಸುವಾಗ ಒಳಗೆ ಜನ ಇರುವಂತಿಲ್ಲ. ದಾರಿ ತೋರಿಸಿದವಳು ಅವ್ವ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಆಧಾರ್ ಕಾರ್ಡನ್ನು ಸೆರಗಿನ ಗಂಟಿನಲ್ಲೇ ಇಟ್ಟುಕೊಂಡವಳು ಆಕೆ. “ನಮಗ ಬಸ್ಸು ಪುಕ್ಕಟ ಅದ. ನಾವು ಬಸ್ಸಿಗೆ ಬರ್ತೀವಿ. ನಿಮ್ಮ ಟ್ರೇಲರದಾಗ ಬರೇ ನಮ್ಮ ಗಂಟು ಬರಲಿ.”

‘ಬರೇ ಗಂಟು’ ಸಂಜೆಯೊಳಗೆ ಟ್ರೇಲರಿನ ಅಂಚು ಮುಟ್ಟಿತು. ಕಟಕ ರೊಟ್ಟಿಯ ಬುಟ್ಟಿಗಳು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಹೋಳಿಗೆಗೆ ಕಡಲೆಬೇಳೆ, ಬೆಲ್ಲದ ಪೆಂಟೆ, ನೀರಿನ ಡ್ರಮ್ಮು, ಒಲೆಯ ಕಟ್ಟಿಗೆ, ಕೌದಿಗಳ ಗುಡ್ಡೆ. ತಂದವರೆಲ್ಲ ತಮ್ಮ ಗಂಟು ಕೈಗೆ ಸಿಗುವಂತಿರಲಿ ಎಂದು ಹಿಂದೆಯೇ ಇಟ್ಟರು. ಎರಡು ಗಾಲಿಯ ಟ್ರೇಲರ್ ಇಂಥ ಪ್ರೀತಿಯನ್ನು ತಡೆಯುವುದಿಲ್ಲ. ಹಿಂಭಾರವಾದರೆ ಮುಂದಿನ ಮೂಕಿ ಮೇಲೆದ್ದು ಟ್ರ್ಯಾಕ್ಟರಿನ ದೊಡ್ಡ ಗಾಲಿಗಳಿಗೆ ನೆಲದ ಹಿಡಿತವೇ ತಪ್ಪುತ್ತದೆ. ಒಟ್ಟು ಭಾರದ ನೂರರಲ್ಲಿ 10ರಿಂದ 15 ಪಾಲು ಕೊಕ್ಕೆಯ ಮೇಲೆ ಇರಬೇಕೆಂದು ಅಮೆರಿಕದ ಟ್ರೇಲರ್ ಬಲ್ಲವರು ಲೆಕ್ಕ ಹೇಳುತ್ತಾರೆ. ಬಂಡಿ ಹೂಡಿ ಬೆಳೆದ ಅಪ್ಪ ಮೂಕಿಯನ್ನು ಒಂದು ಸಲ ಕೈಯಿಂದ ಎತ್ತಿ ನೋಡಿ, “ಬೆಲ್ಲಾ ಮುಂದ ಒಗೀರಿ” ಎಂದ. ಲೆಕ್ಕ ಸರಿಹೋಯಿತು. ಬೆಲ್ಲದ ಒಡತಿಯ ಮುಖ ಮಾತ್ರ ಸರಿಹೋಗಲಿಲ್ಲ.

ಟ್ರ್ಯಾಕ್ಟರ್ ನಡೆಸಿದವನು ಅಕ್ಕನ ಮಗ. ಹಿಂದೆ ಬೈಕಿನ ಮೇಲೆ ನಾನು, ಬಿದ್ದದ್ದನ್ನು ಆರಿಸಿಕೊಳ್ಳುವ ಅಧಿಕಾರಿ. ಈ ಹುದ್ದೆಗೂ ಒಂದು ಪರಂಪರೆ ಇದೆ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ನಿವೃತ್ತ ನೌಕಾವೈದ್ಯ ಬರೀ ಸುಖಕ್ಕಾಗಿ ‘ವಾಂಡರರ್’ ಎಂಬ ಗಾಲಿಮನೆ ಕಟ್ಟಿಸಿ, ಎರಡು ಕುದುರೆ ಹೂಡಿ ಬ್ರಿಟನ್ ಸುತ್ತಿದ. ಜೊತೆಗೆ ಒಂದು ನಾಯಿ, ಒಂದು ಗಿಳಿ. ಎದುರಿನವರನ್ನು ಎಚ್ಚರಿಸಲು ಅವನ ಸೇವಕ ಮೂರು ಗಾಲಿಯ ಸೈಕಲ್ ತುಳಿಯುತ್ತ ಮುಂದೆ ಹೋಗುತ್ತಿದ್ದ. ಆ ಸೇವಕನಿಗೂ ನನಗೂ ವ್ಯತ್ಯಾಸ ಇಷ್ಟೇ: ಅವನಿಗೆ ಪಗಾರ ಇತ್ತು, ನನಗೆ ಮಾಲಕ ಎಂಬ ಹೆಸರಿತ್ತು.

ಸಿಂದಗಿ, ದೇವರ ಹಿಪ್ಪರಗಿ ದಾಟಿ ಬಸವನ ಬಾಗೇವಾಡಿಯಲ್ಲಿ ಚಹಾ ಕುಡಿದೆವು. ಆಲಮಟ್ಟಿಯ ಹತ್ತಿರ ಕೃಷ್ಣೆ ದಾಟುವಾಗ ಗಾಳಿಗೆ ಮೇಲಿನ ತಾಡಪತ್ರಿ ಉಬ್ಬಿ ಟ್ರೇಲರಿಗೆ ಹಾರುವ ಆಸೆ ಹುಟ್ಟಿತು, ಹಗ್ಗ ಬಿಗಿದು ಆ ಆಸೆ ಅಡಗಿಸಿದೆವು. ಅಲ್ಲೇ ಆಚೆ ರಸ್ತೆ ಪಕ್ಕ ರಾತ್ರಿ ಮಲಗಿದೆವು. ಮರುದಿನ ನಾವಿನ್ನೂ ರಾಮದುರ್ಗದ ಈಚೆ ಇರುವಾಗಲೇ ಅವ್ವನ ಫೋನು: “ನಾವು ಗುಡ್ಡಕ್ಕ ಮುಟ್ಟಿ ಜಳಕಾನೂ ಆತು. ಎಲ್ಲಿ ಅದೀರಿ? ರೊಟ್ಟಿ ನಿಮ್ಮ ಕಡೆ ಅವ.”

ಗುಡ್ಡದ ಮೇಲೆ ಜಾಗ ಸಿಕ್ಕಿತು, ಆದರೆ ರಿವರ್ಸ್ ಹೋಗಬೇಕಿತ್ತು. ಟ್ರೇಲರಿನ ಬಾಲ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಇಷ್ಟು ತಿಳಿದವನು ಆ ಜಾತ್ರೆಯಲ್ಲಿ ಅಳಿಯ ಒಬ್ಬನೇ. ಉಳಿದ ಲಕ್ಷಾಂತರ ಭಕ್ತರಲ್ಲಿ ಸುತ್ತ ನಿಂತವರೆಲ್ಲ ಬೇರೆ ಬೇರೆ ದಿಕ್ಕು ತೋರಿಸಿದರು. “ಕಟ್ ಮಾಡು”, “ಸೀದಾ ಮಾಡು”, “ಹೊಡಿ ಹೊಡಿ, ಏ ನಿಲ್ಲು!” ಅಳಿಯ ಕೊನೆಗೆ “ಉಧೋ ಉಧೋ” ಎಂದು ಕೂಗಿದ. ಎಲ್ಲರೂ ಕೈ ಮೇಲೆತ್ತಿ “ಉಧೋ” ಎಂದರು. ದಿಕ್ಕು ತೋರಿಸುವ ಕೈಗಳು ತೆರವಾದ ಆ ಗಳಿಗೆಯಲ್ಲಿ ಟ್ರೇಲರ್ ತಾನಾಗಿ ಸರಿಯಾದ ಜಾಗಕ್ಕೆ ಹೋಗಿ ನಿಂತಿತು.

ಗಾಲಿಗೆ ಕಲ್ಲು ಕೊಟ್ಟು, ಮೂಕಿಗೆ ಆಸರೆ ಇಟ್ಟು ಟ್ರ್ಯಾಕ್ಟರ್ ಬಿಚ್ಚಿದೆವು. ಅವ್ವ ಒಂದು ತಾಟಿನಲ್ಲಿ ನೀರು ತುಂಬಿ ಟ್ರೇಲರಿನ ನಡುವೆ ಇಟ್ಟಳು. ನೀರು ಒಂದೇ ಕಡೆ ಚೆಲ್ಲಿತು. ಮೂಕಿಯಡಿ ಮತ್ತೊಂದು ಕಲ್ಲು, ಮತ್ತೆ ನೀರು. ತಾಟು ತುಂಬಿ ನಿಂತ ಮೇಲೆ ಮನೆ ಪಾಸಾಯಿತು. ಮೇಲೆ ಹೆಂಗಸರು ಮಕ್ಕಳು, ಕೆಳಗೆ ಗಾಲಿಗಳ ನಡುವೆ ಗಂಡಸರು. ಜೋಗುಳಬಾವಿಯ ಜಳಕ, ಹೋಳಿಗೆ ಕಡುಬಿನ ಎಡೆ, ಪಡಲಗಿ, ಎಲ್ಲ ಮುಗಿಯುವಷ್ಟರಲ್ಲಿ ಹಾರಿದ ಭಂಡಾರಕ್ಕೆ ಕೆಂಪು ಟ್ರೇಲರ್ ಹಳದಿಯಾಗಿತ್ತು. ಪಕ್ಕದ ಟ್ರೇಲರಿನವರು ಇಂಡಿ ಕಡೆಯವರು. ಉಪ್ಪು ಕೇಳಲು ಬಂದು ಊಟಕ್ಕೆ ಕುಳಿತರು, ಊಟವಾದ ಮೇಲೆ ಬೀಗತನದ ಮಾತು ತೆಗೆದರು.

ಅಮೆರಿಕದಲ್ಲಿ 1930ರ ದಶಕದಿಂದ ಏರ್‌ಸ್ಟ್ರೀಮ್ ಎಂಬ ಬೆಳ್ಳಿಬಣ್ಣದ ಟ್ರೇಲರುಗಳಿವೆ. ಅಂಥದ್ದನ್ನು ಕೊಳ್ಳುವವರು ಮೊದಲು ಕೇಳುವುದು, ಇದರಲ್ಲಿ ಎಷ್ಟು ಜನ ಮಲಗಬಹುದು ಎಂದು. ಊರು, ನೆಂಟರು, ಗದ್ದಲ ಬಿಟ್ಟು ಹೋಗಲಿಕ್ಕೆಂದು ಅವರು ಗಾಲಿಮನೆ ಕೊಳ್ಳುತ್ತಾರೆ. ನಾವು ಇವೆಲ್ಲವನ್ನೂ ಬಿಗಿಯಾಗಿ ಕಟ್ಟಿಕೊಂಡು ಹೋಗಲಿಕ್ಕೆ ಕೊಳ್ಳುತ್ತೇವೆ, ಸಾಲದೆ ಹೋದರೆ ಅಲ್ಲಿಂದ ಇನ್ನಷ್ಟು ತರುತ್ತೇವೆ. ಹೊಸದಾಗಿ ಕೊಳ್ಳುವವರು ನನ್ನನ್ನು ಕೇಳಿದರೆ ಹೇಳುವುದಿಷ್ಟು: ಕೊಕ್ಕೆಯ ಪಿನ್ನು ನೋಡಿ, ಟೈರು ನೋಡಿ, ಹಿಂದೆ ಹೊಳೆಯುವ ರಿಫ್ಲೆಕ್ಟರ್ ಹಚ್ಚಿಸಿ. ನೆಂಟರ ಲೆಕ್ಕ ಮಾತ್ರ ಹಾಕಬೇಡಿ. ಆ ಲೆಕ್ಕ ಹಾಕಿದವರು ಯಾರೂ ಈವರೆಗೆ ಟ್ರೇಲರ್ ಕೊಂಡಿಲ್ಲ.